ಬೀಗದಕೈ ಯಾರ ಕೈಗೆ?

ನಮ್ಮ ಊರುಗಳಲ್ಲಿ ದೇವಸ್ಥಾನದ ಹುಂಡಿಯ ಬೀಗದಕೈಯನ್ನು ಯಾರಿಗೆ ಒಪ್ಪಿಸಬೇಕೆಂಬುದು ದೊಡ್ಡ ಪ್ರಶ್ನೆಯಾಗುತ್ತಿರಲಿಲ್ಲ. ಯಾರ ಅಜ್ಜ ಯಾರ ಗದ್ದೆಯ ಬದುವನ್ನು ಒತ್ತಿದ್ದ, ಯಾರ ಚಿಕ್ಕಪ್ಪ ಕೋರ್ಟಿನ ಮೆಟ್ಟಿಲು ಹತ್ತಿದ್ದ ಎಂಬುದು ಊರಿಗೆಲ್ಲ ಗೊತ್ತಿತ್ತು. ಹೊಟ್ಟೆಪಾಡಿಗಾಗಿ ಮುಂಬಯಿಗೋ ಪುಣೆಗೋ ಬಂದು ನೆಲೆಸಿದ ನಮಗೆ ಆ ಅನುಕೂಲವಿಲ್ಲ. ಇಲ್ಲಿ ‘ನಮ್ಮ ಕಡೆಯವರು’ ಎಂಬ ಒಂದು ಮಾತೇ ಪರಿಚಯಪತ್ರ. ಆ ಮಾತಿನ ಬಲದ ಮೇಲೆಯೇ ನಾವು ಸಂಘಗಳನ್ನು ಕಟ್ಟಿದೆವು; ಕಟ್ಟಡ ನಿಧಿ, ವಿದ್ಯಾರ್ಥಿವೇತನ ನಿಧಿಗಳನ್ನು ಕೂಡಿಸಿ ನಾಲ್ವರ ಕೈಗೆ ಒಪ್ಪಿಸಿದೆವು. ಹಾಗೆ ಒಪ್ಪಿಸುವಾಗ ಅವರ ಪೂರ್ವವೃತ್ತವನ್ನು ಕೇಳಬಹುದೆ? ಕೇಳಿದರೆ ಎಷ್ಟು ಕೇಳಬೇಕು? ಕಾನೂನು ಈ ಪ್ರಶ್ನೆಯನ್ನು ಎದುರಿಸಿದ ಕಥೆ ಸ್ವಾರಸ್ಯಕರವಾಗಿದೆ.

ನಮ್ಮ ಎಷ್ಟೋ ಸಂಘಗಳು ನೋಂದಣಿಯಾಗಿರುವುದು 1860ರ ಸೊಸೈಟಿಗಳ ನೋಂದಣಿ ಕಾನೂನಿನ ಕೆಳಗೆ. ಆ ಕಾನೂನು ಆಡಳಿತ ಮಂಡಳಿಯವರ ಹೆಸರು, ವಿಳಾಸ, ಉದ್ಯೋಗಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ರಿಜಿಸ್ಟ್ರಾರರಿಗೆ ಸಲ್ಲಿಸಬೇಕೆಂದಿತು. ಒಂದು ರೂಪಾಯಿ ಶುಲ್ಕ ಕೊಟ್ಟ ಯಾರೇ ಆಗಲಿ ಆ ಕಾಗದಪತ್ರಗಳನ್ನು ನೋಡಬಹುದೆಂದಿತು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಚಂದಾ ಬಾಕಿ ಉಳಿಸಿಕೊಂಡ ಸದಸ್ಯನಿಗೆ ಮತದಾನದ ಹಕ್ಕಿಲ್ಲವೆಂದೂ ಬರೆಯಿತು. ಆದರೆ ಪರರ ಹಣ ನುಂಗಿ ಶಿಕ್ಷೆ ಅನುಭವಿಸಿದವನು ಖಜಾಂಚಿಯಾಗಬಹುದೇ ಎಂಬ ಬಗ್ಗೆ ಒಂದಕ್ಷರವನ್ನೂ ಬರೆಯಲಿಲ್ಲ. ಅದೇ 1860ರಲ್ಲಿ ಭಾರತೀಯ ದಂಡ ಸಂಹಿತೆಯೂ ಅಂಗೀಕಾರವಾಯಿತು; ಅದರಲ್ಲಿ ನಂಬಿಕೆದ್ರೋಹಕ್ಕೆ ಪ್ರತ್ಯೇಕ ಕಲಮುಗಳೇ ಇದ್ದವು. ಒಂದು ಕಾನೂನು ನಂಬಿಕೆದ್ರೋಹಿಯನ್ನು ಸೆರೆಮನೆಗೆ ಕಳಿಸಿತು. ಇನ್ನೊಂದು ಅವನು ಹೊರಬಂದ ಮೇಲೆ ‘ಎಲ್ಲಿದ್ದಿರಿ’ ಎಂದು ಕೇಳಲಿಲ್ಲ. ಒಬ್ಬರನ್ನೊಬ್ಬರು ಬಲ್ಲ ನಾಲ್ಕು ಜನ ಗೃಹಸ್ಥರೇ ಸಂಘ ಕಟ್ಟುವವರೆಂದು ಅಂದಿನವರು ಭಾವಿಸಿದ್ದರೋ ಏನೋ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮು ಒಂದು ಹೆಜ್ಜೆ ಮುಂದೆ ಹೋಯಿತು. ಸಾರ್ವಜನಿಕ ದತ್ತಿಯಲ್ಲಿ ಹಿತಾಸಕ್ತಿಯುಳ್ಳ ಇಬ್ಬರು, ಅಡ್ವೊಕೇಟ್ ಜನರಲ್ ಅವರ ಒಪ್ಪಿಗೆ ಪಡೆದು, ಟ್ರಸ್ಟಿಯನ್ನು ತೆಗೆದುಹಾಕುವಂತೆ ದಾವೆ ಹೂಡಬಹುದಾಯಿತು. ಆದರೆ ಸಾಮಾನ್ಯ ಸದಸ್ಯನಿಗೆ ಅಷ್ಟು ಬಿಡುವೆಲ್ಲಿ, ಹಣವೆಲ್ಲಿ?

ಸ್ವಾತಂತ್ರ್ಯಾನಂತರ ಮುಂಬಯಿ ರಾಜ್ಯ 1950ರಲ್ಲಿ ಸಾರ್ವಜನಿಕ ಟ್ರಸ್ಟುಗಳ ಕಾನೂನನ್ನು ತಂದಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕಡೆಯವರು 1956ರವರೆಗೆ ಅದೇ ರಾಜ್ಯದ ಪ್ರಜೆಗಳಾಗಿದ್ದುದರಿಂದ ಇದು ನಮ್ಮವರಿಗೆ ಹೊಸದಲ್ಲ. ಧಾರ್ಮಿಕ ಅಥವಾ ಧರ್ಮಾರ್ಥ ಉದ್ದೇಶದಿಂದ ನೋಂದಾಯಿತವಾದ ಸೊಸೈಟಿಯೂ ಟ್ರಸ್ಟೇ ಎಂದು ಈ ಕಾನೂನು ಹೇಳಿತು. ಚಾರಿಟಿ ಕಮಿಷನರರ ಕಚೇರಿ ಬಂತು. ಲೆಕ್ಕಪತ್ರಗಳ ತಪಾಸಣೆ ಕಡ್ಡಾಯವಾಯಿತು. ಟ್ರಸ್ಟಿಗಳು ಬದಲಾದರೆ 90 ದಿನಗಳೊಳಗೆ ವರದಿ ಸಲ್ಲಿಸಬೇಕಾಯಿತು. ಇಂದು ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟುಗಳ ಕಾನೂನು ಎಂದು ಕರೆಯುವುದು ಇದನ್ನೇ.

1971ರ ತಿದ್ದುಪಡಿಯಲ್ಲಿ ಸೇರಿದ 41-ಡಿ ಕಲಮಿನಲ್ಲಿ ಅಪರಾಧದ ಮಾತು ಸ್ಪಷ್ಟವಾಗಿ ಕಾಣಿಸಿತು. ನೈತಿಕ ಅಧಃಪತನವನ್ನು ಸೂಚಿಸುವ ಅಪರಾಧಕ್ಕಾಗಿ ಶಿಕ್ಷಿತನಾದ ಟ್ರಸ್ಟಿಯನ್ನು, ಆರೋಪಗಳನ್ನು ತಿಳಿಸಿ ಅವನ ಸಮಾಧಾನವನ್ನು ಕೇಳಿದ ಮೇಲೆ, ಚಾರಿಟಿ ಕಮಿಷನರರು ತೆಗೆದುಹಾಕಬಹುದು. ಈ ಕಲಮು ಬೇಕಾದದ್ದೇ. ಆದರೆ ಇದು ಕುರ್ಚಿಯಲ್ಲಿ ಕುಳಿತವನನ್ನು ಎಬ್ಬಿಸುವ ಉಪಾಯ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗಬಾರದೆಂದರೆ, ಕೂರಿಸುವ ಮೊದಲೇ ಸದಸ್ಯರಿಗೆ ವಿಷಯ ತಿಳಿದಿರಬೇಕು.

ಈ ವಿಚಾರದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಹಿಡಿದ ದಾರಿ ಬೇರೆ. 1992ರ ಕಾನೂನು, ಅಪ್ರಾಮಾಣಿಕತೆ ಅಥವಾ ವಂಚನೆಯ ಅಪರಾಧಕ್ಕೆ ಶಿಕ್ಷಿತರಾದವರು ಧರ್ಮಸಂಸ್ಥೆಯ ಟ್ರಸ್ಟಿಗಳಾಗುವುದನ್ನು ಬಾಗಿಲಲ್ಲೇ ತಡೆಯಿತು. 2016ರ ಕಾನೂನು ಅಪರಾಧಗಳ ಪಟ್ಟಿಯನ್ನು ಬೆಳೆಸಿತು. 2018ರ ಆಗಸ್ಟ್ 1ರಿಂದ ಮುಖ್ಯ ಕಾರ್ಯನಿರ್ವಾಹಕರಿಗೂ ಹಣಕಾಸಿನ ಮುಖ್ಯಸ್ಥರಿಗೂ ಅದೇ ನಿರ್ಬಂಧ ಅನ್ವಯವಾಯಿತು. ದುರಾಡಳಿತಕ್ಕಾಗಿ ತೆಗೆದುಹಾಕಲ್ಪಟ್ಟ ಟ್ರಸ್ಟಿಗಳ ಹೆಸರುಗಳ ದಾಖಲೆಯನ್ನು ಅಲ್ಲಿ ಸಾರ್ವಜನಿಕರು ನೋಡಬಹುದು. ಆದರೂ ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ಅವರ 1974ರ ಪುನರ್ವಸತಿ ಕಾನೂನಿನಂತೆ, ಗೊತ್ತಾದ ಅವಧಿ ಕಳೆದ ಮೇಲೆ ಎಷ್ಟೋ ಶಿಕ್ಷೆಗಳು ಮುಗಿದ ಅಧ್ಯಾಯಗಳಾಗುತ್ತವೆ; ಆಮೇಲೆ ಈ ತಡೆ ಇಲ್ಲ. ಅವಧಿ ಮುಗಿಯದವರೂ ಚಾರಿಟಿ ಕಮಿಷನ್ನಿನ ಮುಂದೆ ವಿನಾಯಿತಿ ಬೇಡಬಹುದು.

ನಮ್ಮ ದೇಶದಲ್ಲಿ ಈ ಪಾರದರ್ಶಕತೆಯ ತತ್ತ್ವ ಚುನಾವಣೆಯ ಮೂಲಕ ಬಂತು. 2002ರ ಮೇ 2ರಂದು ಸುಪ್ರೀಂ ಕೋರ್ಟು, ಲೋಕಸಭೆಗೂ ವಿಧಾನಸಭೆಗಳಿಗೂ ನಿಲ್ಲುವ ಅಭ್ಯರ್ಥಿಗಳ ಪೂರ್ವವೃತ್ತವನ್ನು ತಿಳಿಯುವುದು ಮತದಾರನ ಹಕ್ಕು ಎಂದು ಸಾರಿತು. ಅಭ್ಯರ್ಥಿ ತನಗೆ ಶಿಕ್ಷೆಯಾಗಿದೆಯೇ ಎಂಬುದನ್ನು ಪ್ರಮಾಣಪತ್ರದಲ್ಲಿ ಹೇಳಬೇಕು. ಎರಡು ವರ್ಷ ಅಥವಾ ಹೆಚ್ಚಿನ ಸೆರೆವಾಸ ವಿಧಿಸಬಹುದಾದ ಅಪರಾಧದ ಮೊಕದ್ದಮೆ ಇದ್ದು, ನ್ಯಾಯಾಲಯ ಅದನ್ನು ವಿಚಾರಣೆಗೆ ಎತ್ತಿಕೊಂಡಿದ್ದರೆ ಅದನ್ನೂ ಹೇಳಬೇಕು. ಗಮನಿಸಬೇಕಾದ ಅಂಶವೆಂದರೆ, ಈ ತೀರ್ಪು ಯಾರನ್ನೂ ಸ್ಪರ್ಧೆಯಿಂದ ಹೊರಗಿಡಲಿಲ್ಲ. ವಿಷಯವನ್ನು ಮುಂದಿಟ್ಟು ನಿರ್ಣಯವನ್ನು ಮತದಾರನಿಗೆ ಬಿಟ್ಟಿತು. ಶಾಸಕನಾಗುವವನು ಇಷ್ಟು ಹೇಳಬೇಕಾದರೆ, ಬಡ ಮಕ್ಕಳ ಶಾಲಾ ಶುಲ್ಕದ ಹಣಕ್ಕೆ ಚೆಕ್ಕು ಬರೆಯುವವನು ಹೇಳಿದರೆ ತಪ್ಪೇನು?

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಗಾಳಿಮಾತು ಬೇರೆ, ದಾಖಲೆ ಬೇರೆ. ಸಂಘದ ಚುನಾವಣೆ ಹತ್ತಿರ ಬಂದಾಗ ಒಬ್ಬರ ಮೇಲೊಬ್ಬರು ಕೆಸರೆರಚುವ ಅಭ್ಯಾಸ ನಮ್ಮವರಿಗೆ ಹೊಸದೇನಲ್ಲ. ಪೊಲೀಸು ದೂರು ಬೇಕಾದರೆ ಯಾರ ಮೇಲೂ ಬೀಳಬಹುದು. ಹಾಗೆಯೇ ತಪ್ಪು ಮಾಡಿ, ಶಿಕ್ಷೆ ಅನುಭವಿಸಿ, ಮರ್ಯಾದೆಯಿಂದ ಬಾಳುತ್ತಿರುವವನನ್ನು ಜೀವಮಾನವಿಡೀ ಹೊರಗೆ ನಿಲ್ಲಿಸುವುದು ಧರ್ಮವೂ ಅಲ್ಲ, ಧರ್ಮಸಂಸ್ಥೆಗೆ ಶೋಭೆಯೂ ಅಲ್ಲ. ನಮ್ಮ 1958ರ ಅಪರಾಧಿಗಳ ಪರಿವೀಕ್ಷಣಾ ಕಾನೂನು ಇದನ್ನು ಆಗಲೇ ಮನಗಂಡಿತ್ತು. ಎಚ್ಚರಿಕೆ ಕೊಟ್ಟು ಅಥವಾ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ನ್ಯಾಯಾಲಯ ಬಿಟ್ಟವನಿಗೆ, ಶಿಕ್ಷಿತನೆಂಬ ಕಾರಣದಿಂದ ಬರುವ ಅನರ್ಹತೆ ತಟ್ಟಬಾರದೆಂದು ಅದರ 12ನೆಯ ಕಲಮು ಹೇಳುತ್ತದೆ.

ಇಷ್ಟನ್ನೆಲ್ಲ ನೋಡಿದಾಗ ನಮಗೆ ತೋರುವುದಿಷ್ಟು. ಕಾನೂನು ಬದಲಾಗಲೆಂದು ನಾವು ಕಾದು ಕುಳಿತುಕೊಳ್ಳಬೇಕಾಗಿಲ್ಲ. ಮಹಾಸಭೆ ಒಪ್ಪಿ ನಿಯಮಾವಳಿಯಲ್ಲಿ ಸೇರಿಸಿದರೆ ಆಯಿತು. ನಾಮಪತ್ರದಲ್ಲಿ ಒಂದು ಸಾಲು ಹೆಚ್ಚಲಿ: ಹಣ, ವಂಚನೆ ಅಥವಾ ಹಿಂಸೆಗೆ ಸಂಬಂಧಿಸಿದಂತೆ ಯಾವ ನ್ಯಾಯಾಲಯದಲ್ಲಾದರೂ ಶಿಕ್ಷೆಯಾಗಿದೆಯೇ, ಯಾವ ವರ್ಷ, ಯಾವ ಕಾರಣಕ್ಕೆ? ಎಲ್ಲ ಅಭ್ಯರ್ಥಿಗಳಿಗೂ ಅದೇ ಪ್ರಶ್ನೆ. ಅಧ್ಯಕ್ಷರಿಗೊಂದು, ಗುಮಾಸ್ತರಿಗೊಂದು ಎಂದಾಗದಿರಲಿ. ಉತ್ತರ ಮತ ಹಾಕುವ ಸದಸ್ಯರ ಮುಂದಿರಲಿ, ಬೀದಿಗೆ ಬೀಳದಿರಲಿ. ನಂಬಿಕೆದ್ರೋಹಕ್ಕೆ ಶಿಕ್ಷೆಯಾದವರಿಗೆ ಖಜಾನೆಯ ಹೊಣೆ ಬೇಡ. ಸೇವೆ ಮಾಡಲು ಬೇರೆ ಕೆಲಸಗಳು ಬೇಕಾದಷ್ಟಿವೆ. ಮರೆಮಾಚಿದವರು ಸ್ಥಾನ ಬಿಡಲಿ. ಮುಚ್ಚುಮರೆಯಿಲ್ಲದೆ ಹೇಳಿಕೊಂಡು ನಿಂತವರನ್ನು ಅವರ ಇಂದಿನ ನಡತೆಯಿಂದ ಅಳೆಯೋಣ.

ಬೇಲಿಯೇ ಎದ್ದು ಹೊಲ ಮೇಯ್ದರೆ ಕೆಡುವುದು ಒಂದು ವರ್ಷದ ಬೆಳೆ ಮಾತ್ರವಲ್ಲ. ಊರಿನಿಂದ ಹೊಸದಾಗಿ ಬಂದ ಹುಡುಗನೊಬ್ಬ ತನ್ನ ಮೊದಲ ಸಂಬಳದಲ್ಲಿ ಸಂಘಕ್ಕೆ ಚಂದಾ ಕೊಡುತ್ತಾನಲ್ಲ, ಆ ಕೈ ಮುಂದಿನ ಬಾರಿ ಹಿಂಜರಿಯುತ್ತದೆ. ಹಾಗಾಗದಂತೆ ನೋಡಿಕೊಳ್ಳುವುದು ಬೀಗದಕೈ ಹಿಡಿದವರ ಹೊಣೆ ಎಷ್ಟೋ, ಅದನ್ನು ಅವರ ಕೈಗೆ ಕೊಡುವ ನಮ್ಮೆಲ್ಲರ ಹೊಣೆಯೂ ಅಷ್ಟೇ.