ಪುಸ್ತಕದ ಪ್ರಾರ್ಥನೆ, ಹೃದಯದ ಪ್ರಾರ್ಥನೆ: 17ನೇ ಶತಮಾನದ ಇಂಗ್ಲೆಂಡಿನ ಒಂದು ವಾಗ್ವಾದ

ತುಟಿಯ ಮೇಲಿನ ಪ್ರಾರ್ಥನೆಗೆ ಮನಸ್ಸೂ ಜೊತೆಗೂಡಿದೆಯೇ? ಕ್ರೈಸ್ತರನ್ನು ಮೊದಲಿನಿಂದಲೂ ಕಾಡಿದ ಈ ಪ್ರಶ್ನೆ 17ನೇ ಶತಮಾನದ ಇಂಗ್ಲೆಂಡಿನಲ್ಲಿ ಸೆರೆಮನೆಯವರೆಗೂ ಹೋಯಿತು. ಅಚ್ಚಾದ ಪ್ರಾರ್ಥನೆಯ ಪರ ಒಂದು ಪಕ್ಷ, ಸ್ವಂತ ಮಾತಿನ ಪ್ರಾರ್ಥನೆಯ ಪರ ಇನ್ನೊಂದು ಪಕ್ಷ ಎಂದು ಈ ಇತಿಹಾಸವನ್ನು ವಿಂಗಡಿಸುವುದು ಸುಲಭ. ಆದರೆ ಎರಡೂ ಪಕ್ಷಗಳನ್ನು ಕಾಡಿದ್ದು ಒಂದೇ ಭಯ: ಭಾವವಿಲ್ಲದ ಮಾತು.

ಇಂಗ್ಲೆಂಡಿನ ಚರ್ಚಿನ 1549ರ ಸಾಮಾನ್ಯ ಪ್ರಾರ್ಥನಾ ಪುಸ್ತಕದ ಮುಖ್ಯ ಶಿಲ್ಪಿ ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್. ಲ್ಯಾಟಿನ್ ಅರಿಯದ ಜನರೂ ಅರ್ಥ ತಿಳಿದು ಪ್ರಾರ್ಥಿಸಲಿ ಎಂಬುದು ಅದರ ಆಶಯ. 1597ರಲ್ಲಿ ಧರ್ಮಶಾಸ್ತ್ರಜ್ಞ ರಿಚರ್ಡ್ ಹೂಕರ್ ಅದನ್ನು ಸಮರ್ಥಿಸಿದ್ದೂ ಭಕ್ತಿಯ ನೆಲೆಯಿಂದಲೇ. ಪಾದ್ರಿ ಅಸಮರ್ಥನಾದರೂ ಸಿದ್ಧಪಠ್ಯ ಸಭೆಯನ್ನು ಕಾಯುತ್ತದೆ. ಕೂಡಿ ಪ್ರಾರ್ಥಿಸುವಾಗ ಒಬ್ಬರ ಉತ್ಸಾಹ ಇನ್ನೊಬ್ಬರ ಜಡತೆಯನ್ನು ಕಳೆಯುತ್ತದೆ ಎಂಬುದು ಅವನ ನಿಲುವು.

ಚರ್ಚನ್ನು ಇನ್ನಷ್ಟು ಸುಧಾರಿಸಬಯಸಿದ ಪ್ಯೂರಿಟನರಿಗೆ ಇದು ಒಪ್ಪಿಗೆಯಾಗಲಿಲ್ಲ. 1645ರಲ್ಲಿ ಸಂಸತ್ತು ಪುಸ್ತಕವನ್ನು ರದ್ದುಮಾಡಿ, ವೆಸ್ಟ್‌ಮಿನ್‌ಸ್ಟರ್ ಧರ್ಮಸಭೆ ರೂಪಿಸಿದ ಆರಾಧನಾ ನಿರ್ದೇಶಿಕೆಯನ್ನು ಜಾರಿಗೆ ತಂದಿತು. ಯಾವುದಕ್ಕಾಗಿ ಪ್ರಾರ್ಥಿಸಬೇಕೆಂದು ಅದು ಸೂಚಿಸಿತು. ಮಾತನ್ನು ಬೋಧಕನಿಗೇ ಬಿಟ್ಟಿತು. 1649ರಲ್ಲಿ ಶಿರಚ್ಛೇದಕ್ಕೊಳಗಾದ ಅರಸ ಒಂದನೇ ಚಾರ್ಲ್ಸ್‌ನ ಹೆಸರಿನಲ್ಲಿ ಹೊರಟ ಗ್ರಂಥದ ಕೆಲವು ಮುದ್ರಣಗಳಲ್ಲಿದ್ದ ಒಂದು ಪ್ರಾರ್ಥನೆ, ಫಿಲಿಪ್ ಸಿಡ್ನಿಯ ‘ಆರ್ಕೇಡಿಯ’ ಎಂಬ ಪ್ರಣಯಕಥೆಯಿಂದ ಎತ್ತಿದ್ದು ಎಂದು ಕವಿ ಮಿಲ್ಟನ್ ಅದೇ ವರ್ಷ ಬಯಲಿಗೆಳೆದ. ಸಾವಿನ ಹೊಸ್ತಿಲಲ್ಲೂ ಎರವಲು ಮಾತೇ ಎಂಬುದು ಅವನ ಆಕ್ಷೇಪದ ಮೊನೆ.

1660ರಲ್ಲಿ ಅರಸೊತ್ತಿಗೆ ಮರಳಿತು. ಅದೇ ವರ್ಷದ ನವೆಂಬರಿನಲ್ಲಿ, ಅನುಮತಿಯಿಲ್ಲದೆ ಬೋಧಿಸಲು ಹೊರಟಿದ್ದ ಜಾನ್ ಬನ್ಯನ್‌ನ ಬಂಧನವಾಯಿತು. ಪಾತ್ರೆಗೆ ಬೆಸುಗೆ ಹಾಕುವ ಕಸುಬಿನ ಈತ ಬೆಡ್‌ಫರ್ಡ್ ಸೆರೆಯಲ್ಲಿ ಸುಮಾರು 12 ವರ್ಷ ಕಳೆದ. ವಿಚಾರಣೆಯಲ್ಲಿ ಪ್ರಾರ್ಥನಾ ಪುಸ್ತಕದ ಮಾತೂ ಬಂತು. ಬೇರೆಯವರು ಕಟ್ಟಿಟ್ಟ ಮಾತಿನಿಂದಲ್ಲ, ಪವಿತ್ರಾತ್ಮನ ಪ್ರೇರಣೆಯಿಂದ ಪ್ರಾರ್ಥಿಸಬೇಕು ಎಂದು ಆತ ನ್ಯಾಯಾಧೀಶರೆದುರೇ ವಾದಿಸಿದ. ಸೆರೆಯಲ್ಲಿದ್ದಾಗ ಪ್ರಾರ್ಥನೆಯ ಕುರಿತೇ ಒಂದು ಪ್ರಬಂಧ ಬರೆದ. ಪ್ರಾರ್ಥನೆಯ ಲಕ್ಷಣಗಳಲ್ಲಿ ಪ್ರಾಮಾಣಿಕತೆಗೆ ಅಲ್ಲಿ ಮೊದಲ ಸ್ಥಾನ. ಆ ಪ್ರಬಂಧದ ನಿಜವಾದ ಹಿರಿಮೆ ಇರುವುದು ಆತ್ಮಪರೀಕ್ಷೆಯಲ್ಲಿ. ಕೇಳುಗರ ಮೆಚ್ಚುಗೆಗಾಗಿ ಹರಿಯುವ ವಾಗ್ಝರಿಯನ್ನೂ ಬನ್ಯನ್ ಕಪಟವೆಂದೇ ಎಣಿಸುತ್ತಾನೆ. ಪ್ರಾರ್ಥನೆಗೆ ಹೋಗಲು ತನ್ನ ಹೃದಯವೇ ಹಿಂಜರಿಯುತ್ತದೆ, ಹೋದರೂ ಅಲ್ಲಿ ನಿಲ್ಲದು ಎಂದು ಒಪ್ಪಿಕೊಳ್ಳುತ್ತಾನೆ. ಮಾತೇ ಹೊರಡದ ನಿಟ್ಟುಸಿರನ್ನು ಆತ ಸೋಲೆಂದು ನೋಡುವುದಿಲ್ಲ. 19ನೇ ಶತಮಾನದಲ್ಲೇ ಕನ್ನಡಕ್ಕೆ ಬಂದ ‘ಯಾತ್ರಿಕನ ಸಂಚಾರ’ದ ಮೂಲಕ ನಮಗೆ ಪರಿಚಿತನಾದ ಲೇಖಕನ ಒಳಬಾಳು ಇಲ್ಲಿ ಇನ್ನೂ ಹತ್ತಿರದಿಂದ ಕಾಣುತ್ತದೆ.

1662ರ ಏಕರೂಪತಾ ಕಾಯಿದೆ ಪರಿಷ್ಕೃತ ಪುಸ್ತಕವನ್ನು ಕಡ್ಡಾಯಗೊಳಿಸಿತು. 1660–62ರ ಅವಧಿಯಲ್ಲಿ ಸುಮಾರು 2,000 ಬೋಧಕರು ಸ್ಥಾನ ಕಳೆದುಕೊಂಡರು. ಗಮನಿಸಬೇಕಾದ ಸಂಗತಿಯೆಂದರೆ, ಆ ಪುಸ್ತಕಕ್ಕೆ ಆಗ ಸೇರಿದ ಪ್ರಸಿದ್ಧ ‘ಸಾಮಾನ್ಯ ಕೃತಜ್ಞತಾಸ್ತುತಿ’ಯನ್ನು ಬರೆದ ಎಡ್ವರ್ಡ್ ರೆನಾಲ್ಡ್ಸ್, ಹಿಂದೆ ವೆಸ್ಟ್‌ಮಿನ್‌ಸ್ಟರ್ ಧರ್ಮಸಭೆಯ ಸದಸ್ಯನಾಗಿದ್ದವನು. ಅತ್ತ ಸ್ವಂತ ಮಾತಿನ ಪ್ರಾರ್ಥನೆಗೂ ಅಭ್ಯಾಸ ಬೇಕೆಂದು ಆ ಚರ್ಚಿನಿಂದ ಹೊರಗುಳಿದ ಭಿನ್ನಮತೀಯರು ಕಂಡುಕೊಂಡರು: ಬೈಬಲಿನ ನುಡಿಗಳನ್ನು ಪ್ರಾರ್ಥನೆಗೆ ಅಳವಡಿಸುವ ಕೈಪಿಡಿಯನ್ನು ಮ್ಯಾಥ್ಯೂ ಹೆನ್ರಿ 1710ರಲ್ಲಿ ಪ್ರಕಟಿಸಿದ, ಐಸಾಕ್ ವಾಟ್ಸ್‌ನ ಮಾರ್ಗದರ್ಶಿ 1715ರಲ್ಲಿ ಬಂತು.

ಹೀಗೆ ಎರಡು ಪಕ್ಷಗಳೂ ಒಂದರಿಂದೊಂದು ಕಲಿತವು. ಪಠ್ಯ ಜಡವಾಗಬಹುದಾದರೆ ಸ್ವಾತಂತ್ರ್ಯ ಪ್ರದರ್ಶನವಾಗಬಹುದು. ಪ್ರಾರ್ಥಿಸುವವನು ತನ್ನ ಹೃದಯವನ್ನು ದಿನವೂ ತಾನೇ ಪರೀಕ್ಷಿಸಿಕೊಳ್ಳಬೇಕು. ಕಾಯಿದೆಯಾಗಲಿ ಕೈಪಿಡಿಯಾಗಲಿ ಅವನ ಪರವಾಗಿ ಆ ಕೆಲಸ ಮಾಡಲಾರದು.