ಗಾಲಿಯ ಮೇಲಿನ ಮನೆ: ದೆಹಲಿಯಿಂದ ಹೊರಟವರ ಕಥೆ



ದೆಹಲಿಯಲ್ಲಿ ಬಾಡಿಗೆ ಮನೆ ಹುಡುಕುವ ಪಾಡು ಅಲ್ಲಿನ ನಮ್ಮವರಿಗೆ ಹೊಸದೇನಲ್ಲ. ಈಗ ಅದೇ ಊರಿನಲ್ಲಿ ಗಾಲಿಯಿರುವ ಮನೆಯೂ ಬಾಡಿಗೆಗೆ ಸಿಗುತ್ತದೆ. ದೊಡ್ಡ ವ್ಯಾನಿನೊಳಗೆ ಮಲಗಲು ಮಂಚ, ಪುಟ್ಟ ಅಡುಗೆಕಟ್ಟೆ, ನೀರಿನ ಟ್ಯಾಂಕು, ಶೌಚಾಲಯ. ಕುಟುಂಬ ಸಮೇತ ಹತ್ತಿಕೊಂಡು ಹಿಮಾಚಲಕ್ಕೋ ರಾಜಸ್ಥಾನಕ್ಕೋ ಹೊರಟರಾಯಿತು. ಅಜ್ಜಿಗೆ ಬೇಕೆಂದಾಗ ಬಿಸಿನೀರು, ಮಕ್ಕಳಿಗೆ ಹಸಿವಾದಾಗ ಮೊಸರನ್ನ.

ಇದನ್ನು ಕ್ಯಾರವಾನ್ ಅಥವಾ ಕ್ಯಾಂಪರ್‌ವ್ಯಾನ್ ಎನ್ನುತ್ತಾರೆ. ವಿದೇಶದಿಂದ ಬಂದ ಹೊಸ ಶೋಕಿ ಎಂಬುದು ಹಲವರ ಎಣಿಕೆ. ಆದರೆ ಹೆಸರನ್ನೇ ನೋಡಿ. ಒಟ್ಟಾಗಿ ಸಾಗುವ ಪ್ರಯಾಣಿಕರ ತಂಡಕ್ಕೆ ಪಾರಸಿ ಭಾಷೆಯಲ್ಲಿ 'ಕಾರವಾನ್' ಎಂದು ಹೆಸರು. ಇಂಗ್ಲಿಷರು ಅದರ ತಲೆ ಕತ್ತರಿಸಿ, ಬಾಲ ಉಳಿಸಿಕೊಂಡು 'ವ್ಯಾನ್' ಮಾಡಿದರು! ಕಾರವಾನು ರಾತ್ರಿ ತಂಗುವ ಜಾಗವೇ 'ಸರಾಯ್'. ಸರಾಯ್ ಕಾಲೇ ಖಾನ್, ಯೂಸುಫ್ ಸರಾಯ್, ಬೇರ್ ಸರಾಯ್, ಕಟ್ವಾರಿಯಾ ಸರಾಯ್... ಇವೆಲ್ಲ ದೆಹಲಿ ಕನ್ನಡಿಗರು ಬಸ್ಸಿನ ಬೋರ್ಡಿನಲ್ಲಿ ದಿನವೂ ಓದುವ ಹೆಸರುಗಳು.

ಬಾದಶಹನ ಎರಡು ಮನೆಗಳು

1660ರ ದಶಕದಲ್ಲಿ ಔರಂಗಜೇಬ್ ದೆಹಲಿಯಿಂದ ಲಾಹೋರಿನ ದಾರಿಯಾಗಿ ಕಾಶ್ಮೀರಕ್ಕೆ ಹೊರಟ. ಜೊತೆಯಲ್ಲಿದ್ದ ಫ್ರೆಂಚ್ ವೈದ್ಯ ಫ್ರಾನ್ಸ್ವಾ ಬರ್ನಿಯೆ ಆ ಪ್ರಯಾಣವನ್ನು ಪತ್ರಗಳಲ್ಲಿ ವಿವರವಾಗಿ ಬರೆದಿಟ್ಟಿದ್ದಾನೆ. ಬಾದಶಹನಿಗೆ ಡೇರೆಗಳ ಎರಡು ಪೂರ್ತಿ ಜೊತೆ ಇದ್ದವಂತೆ. ಒಂದರಲ್ಲಿ ಆತ ಮಲಗಿರುವಾಗ ಇನ್ನೊಂದು ಮುಂದಿನ ನಿಲ್ದಾಣ ತಲುಪಿ ಸಿದ್ಧವಾಗುತ್ತಿತ್ತು. ಅದಕ್ಕೆ 'ಪೇಶ್‌ಖಾನಾ', ಅಂದರೆ ಮುಂದೆ ಹೋಗುವ ಮನೆ ಎಂದು ಹೆಸರು. ಒಂದೊಂದು ಜೊತೆಯನ್ನು ಹೊರಲು 60ಕ್ಕಿಂತ ಹೆಚ್ಚು ಆನೆ, 200ಕ್ಕಿಂತ ಹೆಚ್ಚು ಒಂಟೆ, 100 ಹೇಸರಗತ್ತೆ ಮತ್ತು 100 ಕೂಲಿಗಳು ಬೇಕಾಗುತ್ತಿದ್ದರು. ಶಿಬಿರದ ನಡುವೆ ಹಡಗಿನ ಕಂಬದಂಥ ಎತ್ತರದ ಗಳುವಿನ ಮೇಲೆ 'ಆಕಾಶದೀಪ' ಉರಿಯುತ್ತಿತ್ತು. ಕತ್ತಲಲ್ಲಿ ದಾರಿ ತಪ್ಪಿದವರು ಅದನ್ನು ನೋಡಿಕೊಂಡು ಬರುತ್ತಿದ್ದರು.

ಎತ್ತಿನ ಬೆನ್ನ ಮೇಲಿನ ಸಂಸಾರ

ಇಂಥ ದಂಡಿಗೆಲ್ಲ ಧಾನ್ಯ ಒದಗಿಸುತ್ತಿದ್ದವರು ಬಂಜಾರರು. ಅವರಿಗೆ ಅರಮನೆಯಿರಲಿಲ್ಲ, ಊರೂ ಇರಲಿಲ್ಲ. ಹೆಂಡತಿ ಮಕ್ಕಳು, ಪಾತ್ರೆ ಪಗಡೆ ಎಲ್ಲವೂ ಎತ್ತುಗಳ ಹಿಂಡಿನೊಂದಿಗೇ ಸಾಗುತ್ತಿತ್ತು. ಹೀಗೆ ಸಾಗುವ ತಂಡವೇ 'ತಾಂಡಾ'. 1632ರಲ್ಲಿ ಆಗ್ರಾದಿಂದ ಪಟ್ನಾದತ್ತ ಹೋಗುತ್ತಿದ್ದ ಇಂಗ್ಲಿಷ್ ವ್ಯಾಪಾರಿ ಪೀಟರ್ ಮಂಡಿಗೆ ದಾರಿಯಲ್ಲಿ ಎದುರಾದ ಒಂದೇ ತಾಂಡಾದಲ್ಲಿ ಧಾನ್ಯ ಹೊತ್ತ 14,000 ಎತ್ತುಗಳಿದ್ದವು! ದಿನಕ್ಕೆ ಅವರು ನಡೆಯುತ್ತಿದ್ದುದು ಆರೇಳು ಮೈಲಿ ಮಾತ್ರ. ಎತ್ತುಗಳು ಮೇಯಬೇಕಲ್ಲ!

ದೆಹಲಿಯ ಇತಿಹಾಸದಲ್ಲಿ ಒಬ್ಬ ಬಂಜಾರನ ಹೆಸರು ದೊಡ್ಡದು. 1675ರಲ್ಲಿ ಚಾಂದನಿ ಚೌಕದಲ್ಲಿ ಗುರು ತೇಗ್ ಬಹಾದೂರರ ಶಿರಚ್ಛೇದವಾದಾಗ, ವರ್ತಕ ಲಖ್ಖಿ ಶಾ ಬಂಜಾರಾ ಅವರ ದೇಹವನ್ನು ತನ್ನ ಬಂಡಿಯಲ್ಲಿ ಗುಟ್ಟಾಗಿ ಸಾಗಿಸಿದ. ಸುದ್ದಿ ಹೊರಬೀಳದಂತೆ ರೈಸಿನಾದಲ್ಲಿದ್ದ ಸ್ವಂತ ಮನೆಗೇ ಬೆಂಕಿಯಿಟ್ಟು ಅಂತ್ಯಸಂಸ್ಕಾರ ನಡೆಸಿದ ಎಂಬುದು ಸಿಖ್ ಪರಂಪರೆಯ ನಂಬಿಕೆ. ಸಂಸತ್ ಭವನದ ಹತ್ತಿರ ಇರುವ ರಕಾಬ್ ಗಂಜ್ ಗುರುದ್ವಾರ ನಿಂತಿರುವುದು ಆ ಜಾಗದಲ್ಲೇ.

ಒಬ್ಬರಿಗೆ ವಿಹಾರ, ಒಬ್ಬರಿಗೆ ಅಪರಾಧ

ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂತು. ಎತ್ತಿನ ಬೆನ್ನ ವ್ಯಾಪಾರ ಮುರಿದುಬಿತ್ತು. ಕೆಲಸ ಹೋದ ಮೇಲೆ ಹೆಸರೂ ಹೋಯಿತು. 1871ರಲ್ಲಿ ಬ್ರಿಟಿಷ್ ಸರ್ಕಾರ 'ಅಪರಾಧಿ ಬುಡಕಟ್ಟುಗಳ ಕಾಯಿದೆ' ತಂದಿತು. ಮೊದಲು ಉತ್ತರ ಭಾರತಕ್ಕೆ, ಆಮೇಲೆ ಉಳಿದ ಪ್ರಾಂತಗಳಿಗೆ ಅದು ಹಬ್ಬಿತು. ಪಟ್ಟಿಗೆ ಸೇರಿದ ಜಾತಿಯಲ್ಲಿ ಹುಟ್ಟಿದರೆ ಸಾಕು, ಪೊಲೀಸರಲ್ಲಿ ಹೆಸರು ಬರೆಸಬೇಕಿತ್ತು. ಅಪ್ಪಣೆಯಿಲ್ಲದೆ ಊರು ಬಿಡುವಂತಿರಲಿಲ್ಲ. ಬಂಜಾರರ ಹಲವು ಗುಂಪುಗಳೂ ಈ ಪಟ್ಟಿಯಲ್ಲಿ ಸಿಕ್ಕಿಕೊಂಡವು. ಸ್ವಾತಂತ್ರ್ಯ ಬಂದ ಐದು ವರ್ಷಕ್ಕೆ, 1952ರ ಆಗಸ್ಟ್ 31ರಂದು, ಈ ಕಾಯಿದೆ ಕೊನೆಗೊಂಡಿತು.

ಇತ್ತ ಇಂಗ್ಲೆಂಡಿನಲ್ಲಿ ಏನಾಗುತ್ತಿತ್ತು? ನೌಕಾಪಡೆಯ ನಿವೃತ್ತ ವೈದ್ಯ ವಿಲಿಯಂ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ 'ವಾಂಡರರ್' ಎಂಬ ಕುದುರೆ ಬಂಡಿಯ ಮನೆ ಕಟ್ಟಿಸಿ, ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ 1,300 ಮೈಲಿ ಸುತ್ತಿದರು. ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ಕ್ಯಾರವಾನ್ ಇದೆನ್ನುತ್ತಾರೆ. ಅವರ ಮನಸ್ಸು ಸೆಳೆದದ್ದು ಜಿಪ್ಸಿಗಳ ಬಂಡಿ. ಆ ಜಿಪ್ಸಿಗಳು, ಅಂದರೆ ರೋಮಾ ಜನ, ಸುಮಾರು ಸಾವಿರ ವರ್ಷಗಳ ಹಿಂದೆ ವಾಯವ್ಯ ಭಾರತದಿಂದ ಹೊರಟವರ ಸಂತತಿ. ಅವರ ಎಣಿಕೆ ಕೇಳಿ: ಯೆಕ್, ದುಯ್, ತ್ರಿನ್, ಶ್ತಾರ್, ಪಂಜ್. ಡಾಕ್ಟರರ ಬಂಡಿಗೆ ಊರೂರಲ್ಲಿ ಸ್ವಾಗತ ಸಿಕ್ಕಿತು. ಜಿಪ್ಸಿಗಳ ಬಂಡಿಯನ್ನು ಮಾತ್ರ ಅಲ್ಲಿಯೂ ಎಬ್ಬಿಸಿ ಓಡಿಸುತ್ತಿದ್ದರು. ಅವರು ತಂಗಲು ಜಾಗ ಕೊಡಬೇಕೆಂದು 1968ರಲ್ಲಿ ಸ್ಥಳೀಯ ಆಡಳಿತಗಳಿಗೆ ಹೊರಿಸಿದ ಹೊಣೆಯನ್ನು 1994ರಲ್ಲಿ ಮತ್ತೆ ಕಿತ್ತುಹಾಕಲಾಯಿತು.

ವ್ಯಾನು ಬಂದ ದಾರಿ

1947ರಲ್ಲಿ ಬೆನ್ ಪಾನ್ ಎಂಬ ಡಚ್ ವ್ಯಾಪಾರಿ ಪುಸ್ತಕದ ಹಾಳೆಯಲ್ಲಿ ಗೀಚಿದ ಚಿತ್ರದಿಂದ ಫೋಕ್ಸ್‌ವ್ಯಾಗನ್ ವ್ಯಾನು ಹುಟ್ಟಿತು. 1950ರಲ್ಲಿ ತಯಾರಿಕೆ ಶುರುವಾಯಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಕಂಪನಿ ಅದರೊಳಗೆ ಮಂಚ, ಮೇಜು, ಕಪಾಟು ಜೋಡಿಸಿತು. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಇಂಥ ವ್ಯಾನುಗಳು ಇಸ್ತಾಂಬುಲ್, ಟೆಹ್ರಾನ್, ಕಾಬೂಲ್, ಲಾಹೋರ್ ದಾಟಿ ದೆಹಲಿಗೆ ಬರುತ್ತಿದ್ದವು. ಇಲ್ಲಿಂದ ಗೋವಾಕ್ಕೆ, ಕಾಠ್ಮಂಡುವಿಗೆ. 1979ರಲ್ಲಿ ಇರಾನಿನ ಕ್ರಾಂತಿ, ಅದೇ ಡಿಸೆಂಬರಿನಲ್ಲಿ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೈನ್ಯ. ದಾರಿ ಮುಚ್ಚಿತು.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಕ್ಯಾರವಾನ್‌ಗಳಿಗೂ ಅವುಗಳ ತಂಗುದಾಣಗಳಿಗೂ ನೀತಿಯೊಂದನ್ನು ತಂದದ್ದು 2010ರ ಸುಮಾರಿಗೆ. ಕೇರಳ 2021ರಲ್ಲಿ ತನ್ನದೇ ನೀತಿ ಪ್ರಕಟಿಸಿತು.

ಬಾಡಿಗೆಗೆ ಹಿಡಿಯುವ ಮುನ್ನ

ದೆಹಲಿಯಲ್ಲಿ ವ್ಯಾನು ಹಿಡಿಯುವವರಿಗೆ ಎರಡು ಮಾತು. ಮೊದಲು ನಂಬರ್ ಪ್ಲೇಟು ನೋಡಿ. ಚಾಲಕನೊಂದಿಗೆ ಬರುವ ಬಾಡಿಗೆ ಗಾಡಿಗೆ ಹಳದಿ ಫಲಕದಲ್ಲಿ ಕಪ್ಪು ಅಕ್ಷರ. ನೀವೇ ಓಡಿಸುವ ಬಾಡಿಗೆ ಗಾಡಿಗೆ ಕಪ್ಪು ಫಲಕದಲ್ಲಿ ಹಳದಿ ಅಕ್ಷರ. ಬಿಳಿ ಫಲಕದ ಖಾಸಗಿ ಗಾಡಿಯನ್ನು ಬಾಡಿಗೆಗೆ ಕೊಡುತ್ತೇವೆಂದರೆ ಬೇಡವೆನ್ನಿ. ಅಪಘಾತವಾದರೆ ವಿಮೆ ಕೈಕೊಡಬಹುದು. ಎರಡನೆಯದು, ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ, ಕೊಳಕು ನೀರಿನ ಟ್ಯಾಂಕು ಎಲ್ಲಿ ಖಾಲಿ ಮಾಡುತ್ತೀರಿ ಎಂಬುದನ್ನು ಹೊರಡುವ ಮೊದಲೇ ಗೊತ್ತು ಮಾಡಿಕೊಳ್ಳಿ. ಬಾದಶಹನಿಗೆ ಪೇಶ್‌ಖಾನಾ ಇತ್ತು, ನಮಗೆ ಫೋನೇ ಗತಿ.

ಪಾಣಿಪತ್, ಕರ್ನಾಲ್, ಅಂಬಾಲಾ ದಾರಿಯಲ್ಲಿ ಹೋದರೆ ನೀವು ತುಳಿಯುವುದು ಹೆಚ್ಚುಕಡಿಮೆ ಬರ್ನಿಯೆ ನಡೆದ ದಾರಿಯೇ. ಕರ್ನಾಲಿನ ಆಸುಪಾಸಿನಲ್ಲಿ ಹಳೆಯ ಕೋಸ್ ಮಿನಾರುಗಳು ಇನ್ನೂ ನಿಂತಿವೆ. ಲೂಧಿಯಾನಾ ಹತ್ತಿರದ ದೋರಾಹಾದಲ್ಲಿ ಮೊಗಲರ ಕಾಲದ ಸರಾಯ್ ಇದೆ. 2006ರ 'ರಂಗ್ ದೇ ಬಸಂತಿ' ಚಿತ್ರ ನೋಡಿದವರಿಗೆ ಅದರ ಗುರುತು ಹತ್ತುತ್ತದೆ. ಅಂದಹಾಗೆ, ಇದೇ 44ನೇ ರಾಷ್ಟ್ರೀಯ ಹೆದ್ದಾರಿ ದಕ್ಷಿಣಕ್ಕೆ ಹೈದರಾಬಾದ್, ಬೆಂಗಳೂರು ಹಾಯ್ದು ಕನ್ಯಾಕುಮಾರಿಯವರೆಗೆ ಹೋಗುತ್ತದೆ.

ಮೊಗಲರ ದಂಡಿಗೆ ಧಾನ್ಯ ಹೊತ್ತು ದಖನ್ನಿಗೆ ಇಳಿದ ಬಂಜಾರರೇ ನಮ್ಮ ಲಂಬಾಣಿಗರು. ಎತ್ತುಗಳು ಹೋದರೂ ಅವರ ಊರಿನ ಹೆಸರು ತಾಂಡಾ ಎಂದೇ ಉಳಿಯಿತು. ಆದರೆ ಎಷ್ಟೋ ತಾಂಡಾಗಳಿಗೆ ಸರ್ಕಾರದ ದಾಖಲೆಯಲ್ಲಿ ಊರೆಂಬ ಮಾನ್ಯತೆಯೇ ಇರಲಿಲ್ಲ. ಹುಟ್ಟಿದ ಮನೆಗೆ ಹಕ್ಕುಪತ್ರವೂ ಇಲ್ಲ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಸಿಕ್ಕಿದ್ದು 2023ರ ಜನವರಿ 19ರಂದು, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ.

ನಿಮ್ಮ ಮನೆಯ ಹಿರಿಯರು ಬಂಡಿ ಕಟ್ಟಿಕೊಂಡು, ಬುತ್ತಿ ಹೊತ್ತುಕೊಂಡು ಜಾತ್ರೆಗೆ ಹೋಗಿ ಬಂಡಿಯ ಕೆಳಗೇ ಮಲಗೆದ್ದ ನೆನಪು ಹೇಳಿದ್ದರೆ ನಮಗೆ ಬರೆದು ಕಳಿಸಿ. ಅದೂ ಈ ಚರಿತ್ರೆಯ ಒಂದು ಪುಟವೇ.