ಡೆನ್ವರಿನ ನಾಲ್ಕು ತಿಂಗಳ ಪಾಠ

ನರ್ಸ್ ಒಬ್ಬಳು ರೋಗಿಯನ್ನು ತಾನೇ ಪರೀಕ್ಷಿಸಿ, ಇದು ಇಂಥ ಕಾಯಿಲೆ ಎಂದು ಹೇಳಿ, ಇಂಥ ಮದ್ದು ಕೊಡಿ ಎಂದು ಬರೆದು ಸಹಿ ಹಾಕಬಹುದೇ? ಇಂದು ಅಮೆರಿಕದಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ನರ್ಸ್ ಪ್ರಾಕ್ಟೀಷನರ್‌ಗಳು ದಿನಾ ಮಾಡುವ ಕೆಲಸ ಅದೇ. 1965ಕ್ಕೆ ಮೊದಲು ಆ ಹೆಸರಿನ ವೃತ್ತಿಯೇ ಇರಲಿಲ್ಲ. ಆ ವರ್ಷ ಡೆನ್ವರಿನಲ್ಲಿದ್ದ ಕೊಲರಾಡೊ ವಿಶ್ವವಿದ್ಯಾಲಯದ ವೈದ್ಯಕೀಯ ಕ್ಯಾಂಪಸ್ಸಿನಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸಿಂಗ್ ಅಧ್ಯಾಪಕಿ, ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಒಂದು ಪ್ರಯೋಗ ಶುರುಮಾಡಿದರು. ನಾಲ್ಕು ತಿಂಗಳು ಬಿಗಿಯಾದ ಪಾಠ ಮತ್ತು ಅಭ್ಯಾಸ, ಆಮೇಲೆ ವೈದ್ಯರು ಸುಲಭಕ್ಕೆ ಸಿಗದ ಕಡೆಗಳಲ್ಲಿ ಮಕ್ಕಳ ಆರೋಗ್ಯದ ಕೆಲಸ.

ನಾನು ಆ ವೃತ್ತಿಯವಳು. ತೀರ್ಥಹಳ್ಳಿ ಸೀಮೆಯಿಂದ ಹೊರಟು, ಜನರಲ್ ನರ್ಸಿಂಗ್ ಮುಗಿಸಿ, ಶಿವಮೊಗ್ಗದಲ್ಲೂ ಬೆಂಗಳೂರಿನಲ್ಲೂ ವಾರ್ಡ್ ಡ್ಯೂಟಿ ಮಾಡಿ, ಮದುವೆಯ ನಂತರ ಡೆನ್ವರಿಗೆ ಬಂದೆ. ಇಲ್ಲಿ ಕೆಲಸದ ಜೊತೆಗೇ ಪದವಿಯನ್ನೂ ಸ್ನಾತಕೋತ್ತರವನ್ನೂ ಓದಿ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ ಆದೆ. ಒಂಬತ್ತನೇ ಅವೆನ್ಯೂ ಮತ್ತು ಕೊಲರಾಡೊ ಬುಲೆವಾರ್ಡ್ ಸೇರುವ ಕಡೆ, ಆ ಹಳೆಯ ಕ್ಯಾಂಪಸ್ಸು ಇದ್ದ ಜಾಗದಲ್ಲಿ, ಈಗ ಅಪಾರ್ಟ್‌ಮೆಂಟು, ಅಂಗಡಿ, ಹೋಟೆಲುಗಳಿವೆ. ವೈದ್ಯಕೀಯ ಕಾಲೇಜು ಪಕ್ಕದ ಅರೋರಾ ಊರಿಗೆ ಹೋಗಿದೆ. ನಮ್ಮ ಹುಡುಗಿಯರು ಎಷ್ಟೋ ಮಂದಿ ಇಲ್ಲಿಗೆ ಬಂದು ಈ ಕೋರ್ಸು ಓದುತ್ತಾರೆ. ಅದು ಹುಟ್ಟಿದ ಕಥೆ ಅವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲವೆಂದೇ ಇದನ್ನು ಬರೆಯುತ್ತಿದ್ದೇನೆ.

ಫೋರ್ಡ್ ಆಸ್ಪತ್ರೆಯ ನರ್ಸಿಂಗ್ ಸ್ಕೂಲಿನಲ್ಲಿ ಡಿಪ್ಲೊಮಾ ಮಾಡಿದವರು, ನಮ್ಮ ಹಾಗೆಯೇ. 1920ರಲ್ಲಿ ಹುಟ್ಟಿ, ನ್ಯೂಜೆರ್ಸಿಯಲ್ಲಿ 1941ರಲ್ಲಿ ತರಬೇತಿ ಮುಗಿಸಿ, ಯುದ್ಧಕಾಲದಲ್ಲಿ ಸೇನೆಯ ವಾಯುದಳದಲ್ಲಿ ನರ್ಸಾಗಿದ್ದರು. ಆಮೇಲೆ ಕೊಲರಾಡೊದಲ್ಲಿ ಪದವಿ, ಸ್ನಾತಕೋತ್ತರ ಓದಿದರು. 1961ರಲ್ಲಿ ಶಿಕ್ಷಣದಲ್ಲಿ ಡಾಕ್ಟರೇಟ್ ಪಡೆದರು. ನಡುವೆ ಬೋಲ್ಡರ್ ಕಡೆ ಸಾರ್ವಜನಿಕ ಆರೋಗ್ಯ ನರ್ಸಾಗಿ ಹಳ್ಳಿ ಸುತ್ತಿದ್ದರು. ಆ ಕಾಲದ ಹಳ್ಳಿಗಾಡಿನಲ್ಲಿ ವೈದ್ಯರು ಅಪರೂಪ. ಶಾಲೆಯಲ್ಲೋ ಚರ್ಚಿನಲ್ಲೋ ಒಂದು ದಿನದ ಮಟ್ಟಿಗೆ ಕ್ಲಿನಿಕ್ಕು ಹೂಡಿ ಮಕ್ಕಳನ್ನು ನೋಡುತ್ತಿದ್ದವರು ನರ್ಸ್‌ಗಳೇ. ಮಗುವಿನ ತೂಕ ಏಕೆ ಏರಲಿಲ್ಲ, ಈ ಕೆಮ್ಮಿಗೆ ಪಟ್ಟಣಕ್ಕೆ ಕಳಿಸಬೇಕೇ ಬೇಡವೇ ಎಂಬುದನ್ನೆಲ್ಲ ಅವರೇ ತೀರ್ಮಾನಿಸುತ್ತಿದ್ದರು. ಆ ತೀರ್ಮಾನಕ್ಕೆ ಹೆಸರಿರಲಿಲ್ಲ, ಅದನ್ನು ಕಲಿಸುವ ಪಠ್ಯವೂ ಇರಲಿಲ್ಲ. ಹೇಗೂ ನಡೆಯುತ್ತಿರುವ ಕೆಲಸವನ್ನು ಸರಿಯಾಗಿ ಕಲಿಸೋಣ ಎಂಬುದು ಫೋರ್ಡ್ ಅವರ ಹಟ. ವೈದ್ಯರು ಸಾಲದ್ದಕ್ಕೆ ನರ್ಸ್‌ಗಳನ್ನು ತುಂಬಿದರು ಎಂದು ಯಾರಾದರೂ ಹೇಳಿದರೆ ಅವರು ಒಪ್ಪುತ್ತಿರಲಿಲ್ಲ. ಇದು ಸಾರ್ವಜನಿಕ ಆರೋಗ್ಯ ನರ್ಸ್‌ನ ಸ್ವಂತ ಕೆಲಸ, ಅದನ್ನು ಅವಳಿಗೆ ಮರಳಿಸುತ್ತಿದ್ದೇವೆ ಎಂದೇ ಕೊನೆತನಕ ಹೇಳಿದರು. ನಾನೂ ಅದನ್ನೇ ನಂಬುತ್ತೇನೆ.

ಅವರಿಗಿಂತ ಮುಂಚೆ ಯಾರೂ ಪ್ರಯತ್ನಿಸಿರಲಿಲ್ಲ ಎಂದಲ್ಲ. ಕೆಂಟಕಿಯ ಗುಡ್ಡಗಾಡಿನಲ್ಲಿ ಮೇರಿ ಬ್ರೆಕಿನ್‌ರಿಜ್ 1925ರಲ್ಲಿ ಕಟ್ಟಿದ ಸಂಸ್ಥೆಯ ನರ್ಸ್ ಸೂಲಗಿತ್ತಿಯರು ಕುದುರೆಯೇರಿ ಹೊಳೆ ದಾಟಿ ಹೆರಿಗೆಗೆ ಹೋಗುತ್ತಿದ್ದರು. ಬ್ರಿಟನ್ನಿನಿಂದ ಬಂದಿದ್ದವರು ಯುದ್ಧ ಶುರುವಾದಾಗ ತವರಿಗೆ ಮರಳಿದ್ದರಿಂದ 1939ರಲ್ಲಿ ಅಲ್ಲೇ ಒಂದು ಸೂಲಗಿತ್ತಿ ಶಾಲೆ ತೆರೆಯಬೇಕಾಯಿತು. ಅರಿವಳಿಕೆ ಕೊಡುವ ನರ್ಸ್‌ಗಳ ಚರಿತ್ರೆ ಇನ್ನೂ ಹಳೆಯದು. ಡ್ಯಾಗ್ಮಾರ್ ನೆಲ್ಸನ್ ಎಂಬ ನರ್ಸ್ ಮೇಲೆ ಅರಿವಳಿಕೆ ವೈದ್ಯರು ಹೂಡಿದ ಮೊಕದ್ದಮೆಯಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 1936ರಲ್ಲಿ ನರ್ಸ್ ಪರವಾಗಿ ತೀರ್ಪು ಕೊಟ್ಟಿತು. ಮನೋರೋಗ ಶುಶ್ರೂಷೆಯಲ್ಲಿ ಹಿಲ್ಡೆಗಾರ್ಡ್ ಪೆಪ್ಲೌ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ 1954ರಲ್ಲಿ ಸ್ನಾತಕೋತ್ತರ ಕೋರ್ಸನ್ನೇ ತೆರೆದರು.

ಡ್ಯೂಕ್ ವಿಶ್ವವಿದ್ಯಾಲಯದ ಕಥೆ ಓದಿದಾಗ ಮಾತ್ರ ನನಗೆ ಸಂಕಟವಾಯಿತು. 1950ರ ದಶಕದ ಕೊನೆಯಲ್ಲಿ ಥೆಲ್ಮಾ ಇಂಗಲ್ಸ್ ಎಂಬ ನರ್ಸಿಂಗ್ ಅಧ್ಯಾಪಕಿ ಅಲ್ಲಿನ ವೈದ್ಯ ಯೂಜೀನ್ ಸ್ಟೆಡ್ ಜೊತೆಗೂಡಿ, ರೋಗಿಯ ಹಾಸಿಗೆಯ ಪಕ್ಕದಲ್ಲೇ ಆಳವಾದ ವೈದ್ಯಕೀಯ ಜ್ಞಾನ ಕಲಿಸುವ ಸ್ನಾತಕೋತ್ತರ ನರ್ಸಿಂಗ್ ಕೋರ್ಸೊಂದನ್ನು ರೂಪಿಸಿದರು. ಅದಕ್ಕೆ ಮಾನ್ಯತೆ ನಿರಾಕರಿಸಿದ್ದು ವೈದ್ಯರ ಸಂಘವಲ್ಲ. ನರ್ಸಿಂಗ್ ಶಿಕ್ಷಣಕ್ಕೆ ಮಾನ್ಯತೆ ಕೊಡುತ್ತಿದ್ದ ನ್ಯಾಷನಲ್ ಲೀಗ್ ಫಾರ್ ನರ್ಸಿಂಗ್! ಬೇಸತ್ತ ಸ್ಟೆಡ್, ನೌಕಾಪಡೆಯಲ್ಲಿ ಗಾಯಾಳುಗಳನ್ನು ನೋಡಿಕೊಂಡಿದ್ದ ನಾಲ್ವರು ಗಂಡಸರನ್ನು ಕರೆದು 1965ರಲ್ಲಿ ಪಾಠ ಶುರುಮಾಡಿದರು. ಫಿಸಿಷಿಯನ್ ಅಸಿಸ್ಟೆಂಟ್ ಎಂಬ ಬೇರೆಯೇ ವೃತ್ತಿ ಹುಟ್ಟಿದ್ದು ಹಾಗೆ. ನರ್ಸಿಂಗ್ ನಾಯಕರು ಮನೆ ಬಾಗಿಲಿಗೆ ಬಂದದ್ದನ್ನು ಹಿಂದಕ್ಕೆ ಕಳಿಸಿದರು.

ಫೋರ್ಡ್ ಅವರಿಗೂ ಮೊದಲ ವಿರೋಧ ಬಂದದ್ದು ತಮ್ಮ ಸಹ ಅಧ್ಯಾಪಕಿಯರಿಂದಲೇ. ನರ್ಸ್ ಕೈಗೆ ಕಿವಿಯೊಳಗೆ ನೋಡುವ ಓಟೋಸ್ಕೋಪು ಕೊಟ್ಟರೆ ಅವಳು ಅರ್ಧ ಡಾಕ್ಟರಾಗಿ, ನರ್ಸಿಂಗನ್ನೇ ಮರೆತುಬಿಡುತ್ತಾಳೆ ಎಂಬ ಭಯ. ನರ್ಸಿಂಗ್ ಸಿದ್ಧಾಂತಕ್ಕೆ ದೊಡ್ಡ ಹೆಸರಾದ ಮಾರ್ಥಾ ರೋಜರ್ಸ್ ಕೂಡ ಈ ಹೊಸ ಹುದ್ದೆಯನ್ನು ಕಟುವಾಗಿ ಟೀಕಿಸಿದರು. ಇದು ನರ್ಸ್‌ಗಳನ್ನು ನರ್ಸಿಂಗಿನಿಂದಲೇ ಸೆಳೆದೊಯ್ಯುವ ಹೂಟ ಎಂಬುದು ಅವರ ವಾದ. ಆ ಭಯಕ್ಕೆ ಕಾರಣವಿತ್ತು. ಆಸ್ಪತ್ರೆಗಳು ವಿದ್ಯಾರ್ಥಿನಿಯರನ್ನು ಬಿಟ್ಟಿ ಕೂಲಿಯಾಗಿ ದುಡಿಸಿಕೊಂಡ ಕಾಲದಿಂದ ಹೊರಬಂದು, ನಮ್ಮದೂ ಒಂದು ವಿದ್ಯೆ ಎಂದು ತಲೆಯೆತ್ತಲು ಆ ಹಿರಿಯರು ಬಹಳ ಕಷ್ಟಪಟ್ಟಿದ್ದರು. ಆದರೂ ಈ ವಿಷಯದಲ್ಲಿ ಅವರ ಲೆಕ್ಕ ತಪ್ಪಿತ್ತು ಎಂದು ನಾನು ಹೇಳಲೇಬೇಕು. ಮಗುವಿನ ಕಿವಿಯೊಳಗೆ ಇಣುಕಿ ನೋಡಿದವಳು ತಾಯಿಯ ಮುಖ ನೋಡುವುದನ್ನು ಬಿಡುವುದಿಲ್ಲ.

ಆ ನಾಲ್ಕು ತಿಂಗಳಲ್ಲಿ ಏನು ಕಲಿಸಿದರು? ತಾಯಿಯ ಮಾತು ಕೇಳಿ ಮಗುವಿನ ಪೂರ್ತಿ ಚರಿತ್ರೆ ಬರೆದುಕೊಳ್ಳುವುದು. ಕಣ್ಣು, ಕಿವಿ, ಗಂಟಲು, ಎದೆ, ಹೊಟ್ಟೆ ಪರೀಕ್ಷಿಸುವುದು, ಸಹಜ ಯಾವುದು, ಅಸಹಜ ಯಾವುದು ಎಂದು ಗುರುತಿಸುವುದು. ಬೆಳವಣಿಗೆ, ಲಸಿಕೆ, ಹಾಲೂಡಿಕೆ, ತಾಯಿಗೆ ಧೈರ್ಯ ಹೇಳುವುದು. ಮಗು ಎಷ್ಟನೇ ತಿಂಗಳಿಗೆ ಕೂರಬೇಕು, ಮಾತು ಶುರುಮಾಡಬೇಕು ಎಂದು ಅಳೆಯುವ ಡೆನ್ವರ್ ಪರೀಕ್ಷೆಯನ್ನು ನಮ್ಮ ನರ್ಸಿಂಗ್ ವಿದ್ಯಾರ್ಥಿಗಳೆಲ್ಲ ಉರುಹೊಡೆದಿರುತ್ತಾರೆ. ಅದೂ ಅದೇ ವಿಶ್ವವಿದ್ಯಾಲಯದಲ್ಲಿ ಅದೇ ಕಾಲಕ್ಕೆ ತಯಾರಾಗಿ 1967ರಲ್ಲಿ ಪ್ರಕಟವಾದದ್ದು. ಆ ವರ್ಷವೇ ಸಿಲ್ವರ್, ಫೋರ್ಡ್ ಮತ್ತು ಸೂಸನ್ ಸ್ಟಿಯರ್ಲಿ ತಮ್ಮ ಕೋರ್ಸಿನ ವಿವರವನ್ನು ಮಕ್ಕಳ ವೈದ್ಯರ ಪತ್ರಿಕೆ 'ಪೀಡಿಯಾಟ್ರಿಕ್ಸ್'ನಲ್ಲಿ ಬರೆದರು. ಮಾಡಿದ್ದನ್ನು ಎಣಿಸಿ, ಬರೆದು, ವೈದ್ಯರ ಮುಂದೆಯೇ ಇಟ್ಟದ್ದು ಅವರ ಜಾಣತನ.

ಈಗ ನನ್ನ ಕೋರ್ಸಿನ ಮಾತು. ಸ್ನಾತಕೋತ್ತರ ಪಠ್ಯದ ಬುನಾದಿ ಮೂರು: ರೋಗ ದೇಹದೊಳಗೆ ಹೇಗೆ ಕೆಲಸ ಮಾಡುತ್ತದೆ ಎಂಬ ಪೆಥೊಫಿಸಿಯಾಲಜಿ, ಔಷಧಶಾಸ್ತ್ರ, ದೇಹಪರೀಕ್ಷೆ. ಅಮೆರಿಕದ ನರ್ಸಿಂಗ್ ಕಾಲೇಜುಗಳ ಒಕ್ಕೂಟ 1996ರಲ್ಲಿ ಹೊರತಂದ ದಾಖಲೆ ಈ ಮೂರನ್ನು ಎಲ್ಲರಿಗೂ ಕಡ್ಡಾಯದ ತಳಹದಿ ಎಂದು ನಿಗದಿಮಾಡಿತು. ಅದರ ಮೇಲೆ, ಪಕ್ಕದಲ್ಲೇ ಇದ್ದು ಕಲಿಸುವ ಹಿರಿಯರ, ಅಂದರೆ ಪ್ರಿಸೆಪ್ಟರ್ ಕೈಕೆಳಗೆ ನೂರಾರು ಗಂಟೆಗಳ ಕ್ಲಿನಿಕ್. ಬಹಳ ಕಾಲ ಕನಿಷ್ಠ 500 ಗಂಟೆ ಎಂದಿತ್ತು. 2022ರ ಮಾನದಂಡದಲ್ಲಿ ಅದನ್ನು 750ಕ್ಕೆ ಏರಿಸಿದ್ದಾರೆ. ನಾನು ಓದಿದ ಕಡೆ ಪ್ರಿಸೆಪ್ಟರನ್ನು ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕಿತ್ತು. ಪರಿಚಯವಿಲ್ಲದ ಊರಿನಲ್ಲಿ ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಫೋನು ಮಾಡಿ ಬೇಡಿಕೊಂಡ ದಿನಗಳನ್ನು ಮರೆಯಲಾರೆ. ಶುಲ್ಕ ಕಟ್ಟಿಸಿಕೊಂಡ ಮೇಲೆ ಕಲಿಸುವವರನ್ನು ಒದಗಿಸುವುದು ಕಾಲೇಜಿನ ಹೊಣೆ. ಈ ಒಂದು ವಿಷಯದಲ್ಲಿ 1965ರ ಕೋರ್ಸು ನನ್ನ ಕೋರ್ಸಿಗಿಂತ ಮೇಲು. ಅಲ್ಲಿ ಕಲಿಸುವವರು ಮೊದಲು, ಕಲಿಯುವವರು ಆಮೇಲೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬದಲಾಯಿಸಿದ್ದು ಕೇಸ್ ಶೀಟಿನ ನಾಲ್ಕು ಭಾಗ. ಲಾರೆನ್ಸ್ ವೀಡ್ ಎಂಬ ವೈದ್ಯರು 1968ರಲ್ಲಿ ವಿವರಿಸಿದ ಕ್ರಮ ಅದು. ರೋಗಿ ಹೇಳಿದ್ದೇನು, ನಾನು ಪರೀಕ್ಷಿಸಿ ಕಂಡದ್ದೇನು, ಇದು ಏನೆಂದು ನನ್ನ ತೀರ್ಮಾನ, ಮುಂದೆ ಮಾಡುವುದೇನು. ಊರಿನ ವಾರ್ಡಿನಲ್ಲಿ ಮೊದಲ ಎರಡನ್ನು ನಾನು ಎಷ್ಟು ಚೆನ್ನಾಗಿ ಬರೆಯುತ್ತಿದ್ದೆನೆಂದು ಹೆಮ್ಮೆಯಿಂದಲೇ ಹೇಳಬಲ್ಲೆ. ರಾತ್ರಿ ಎರಡು ಗಂಟೆಗೆ ಮಗುವಿನ ಪಕ್ಕೆ ಒಳಗೆಳೆಯುತ್ತಿದೆ, ಉಸಿರಿನ ಎಣಿಕೆ ಇಷ್ಟು, ತುಟಿಯ ಬಣ್ಣ ಹೀಗಿದೆ. ಅದರ ಕೆಳಗೆ ಒಂದೇ ಸಾಲು: ಡ್ಯೂಟಿ ಡಾಕ್ಟರಿಗೆ ತಿಳಿಸಲಾಗಿದೆ. ನ್ಯುಮೋನಿಯಾ ಎಂದು ಗೊತ್ತಿದ್ದರೂ ಆ ಹೆಸರನ್ನು ಬರೆಯುವ ಅಧಿಕಾರ ನನ್ನದಾಗಿರಲಿಲ್ಲ. ಇಲ್ಲಿ ಓದುವಾಗ ಪ್ರಿಸೆಪ್ಟರ್ ನನ್ನ ಶೀಟು ನೋಡಿ, ಮೂರನೆಯ ಭಾಗ ಖಾಲಿ ಬಿಡಬೇಡಿ, ನಿಮಗೆ ಏನನ್ನಿಸುತ್ತದೋ ಅದನ್ನು ಬರೆಯಿರಿ, ಯಾಕೆ ಹಾಗೆನಿಸಿತು ಎಂದು ನನಗೆ ಹೇಳಿ ಎಂದರು. ಸ್ನಾತಕೋತ್ತರ ಓದು ಕೊಡುವುದು ಆ ಮೂರನೆಯ ಭಾಗವನ್ನು ತುಂಬುವ ಜ್ಞಾನ ಮತ್ತು ಅದಕ್ಕೆ ಉತ್ತರ ಹೇಳುವ ಹೊಣೆ. ನರ್ಸ್ ಪ್ರಾಕ್ಟೀಷನರ್ ಚರಿತ್ರೆಯಲ್ಲಿ ನಡೆದ ಜಗಳವೆಲ್ಲ ಅದರ ಸುತ್ತಲೇ.

ಆ ಜಗಳ ಕಾನೂನಿಗೂ ಹೋಯಿತು, ಹಣಕ್ಕೂ ಹೋಯಿತು. ರೋಗನಿರ್ಣಯ ಮತ್ತು ಚಿಕಿತ್ಸೆಯನ್ನು ಇಂಥ ನರ್ಸ್‌ಗಳ ಕೆಲಸವೆಂದು 1971ರಲ್ಲಿ ಮೊದಲು ಒಪ್ಪಿದ್ದು ಐಡಹೊ ರಾಜ್ಯ. ಮಿಸ್ಸೂರಿಯ ಕುಟುಂಬಯೋಜನೆ ಕ್ಲಿನಿಕ್ಕುಗಳ ನರ್ಸ್‌ಗಳು ವೈದ್ಯವೃತ್ತಿ ನಡೆಸುತ್ತಿದ್ದಾರೆಂಬ ಆರೋಪ ಬಂದಾಗ ಅಲ್ಲಿನ ಸುಪ್ರೀಂ ಕೋರ್ಟು 1983ರಲ್ಲಿ ಆ ನರ್ಸ್‌ಗಳ ಪರ ನಿಂತಿತು. ಗಡಿಯಾಚೆ ಕೆನಡಾದ ಬರ್ಲಿಂಗ್ಟನ್ ಊರಿನಲ್ಲಿ 1971-72ರಲ್ಲಿ ಒಂದು ಪರೀಕ್ಷೆ ನಡೆಯಿತು. ಕುಟುಂಬಗಳಲ್ಲಿ ಕೆಲವನ್ನು ವೈದ್ಯರಿಗೂ ಕೆಲವನ್ನು ನರ್ಸ್ ಪ್ರಾಕ್ಟೀಷನರಿಗೂ ಚೀಟಿ ಎತ್ತಿದಂತೆ ಹಂಚಿ, ಒಂದು ವರ್ಷ ನೋಡಿದರು. ಆರೋಗ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ನರ್ಸ್ ಹತ್ತಿರ ಬಂದ ಭೇಟಿಗಳಲ್ಲಿ ಶೇಕಡ 67ರಷ್ಟನ್ನು ವೈದ್ಯರನ್ನು ಕೇಳದೆಯೇ ಅವರು ನಿಭಾಯಿಸಿದ್ದರು. ಆದರೂ ಆ ಕ್ಲಿನಿಕ್ಕಿನ ಆದಾಯ ಇಳಿಯಿತು, ಏಕೆಂದರೆ ನರ್ಸ್ ಮಾಡಿದ ಕೆಲಸಕ್ಕೆ ಬಿಲ್ಲು ಹಾಕುವಂತಿರಲಿಲ್ಲ. ಅಮೆರಿಕದಲ್ಲಿ 1977ರ ಗ್ರಾಮೀಣ ಕ್ಲಿನಿಕ್ ಕಾಯ್ದೆ ಇದನ್ನು ಸ್ವಲ್ಪ ಸರಿಪಡಿಸಿತು. ಎಲ್ಲ ಕಡೆಯೂ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರಿನಿಂದ ನೇರವಾಗಿ ಹಣ ಪಡೆಯುವ ಹಕ್ಕು ಬಂದದ್ದು 1997ರಲ್ಲಿ, ಅದೂ ವೈದ್ಯರ ದರದ ಶೇಕಡ 85 ಮಾತ್ರ. ಡೆನ್ವರಿನ ಪಾಠಕ್ಕೂ ಆ ಹಕ್ಕಿಗೂ ನಡುವೆ 32 ವರ್ಷ!

ಇಷ್ಟರಲ್ಲಿ ಕೋರ್ಸು ಬೆಳೆಯಿತು. 1970ರ ದಶಕದಲ್ಲಿ ಸರ್ಟಿಫಿಕೇಟ್ ಕೋರ್ಸುಗಳು ಎಲ್ಲೆಲ್ಲೂ ಎದ್ದವು, ಕೆಲವು ತಿಂಗಳದ್ದು ಕೆಲವು, ವರ್ಷದ್ದು ಕೆಲವು. ಒಂದರ ಹಾಗೆ ಒಂದಿಲ್ಲದಿದ್ದರೆ ಜನ ಯಾರನ್ನು ನಂಬಬೇಕು? ಕಲಿಸುವವರು 1974ರಿಂದ ಒಟ್ಟುಸೇರಿ ಪಠ್ಯವನ್ನು ಒಂದು ಹದಕ್ಕೆ ತಂದರು. 1990ರ ದಶಕದ ಹೊತ್ತಿಗೆ ಸ್ನಾತಕೋತ್ತರ ಪದವಿಯೇ ನಿಯಮವಾಯಿತು. 2004ರಲ್ಲಿ ಕಾಲೇಜುಗಳ ಒಕ್ಕೂಟ, 2015ರ ಹೊತ್ತಿಗೆ ಎಲ್ಲರೂ ಡಾಕ್ಟರೇಟ್ ಮಾಡಬೇಕು ಎಂಬ ಗುರಿ ಇಟ್ಟಿತು. ಆ ಗಡುವು ದಾಟಿಯೂ ಸ್ನಾತಕೋತ್ತರ ಕೋರ್ಸುಗಳು ನಡೆಯುತ್ತಿವೆ. ವರ್ಷ ಉದ್ದವಾದಷ್ಟೂ ವಿದ್ಯೆ ಆಳವಾಗುತ್ತದೆ ಎಂದು ನಾನು ಒಪ್ಪುವುದಿಲ್ಲ. ರೋಗಿಯ ಮುಂದೆ ಕೂತ ಗಂಟೆಗಳೇ ಮುಖ್ಯ. ಫೋರ್ಡ್ ಅವರಿಗೂ ಅದೇ ಮುಖ್ಯವಾಗಿತ್ತು. 1972ರಲ್ಲಿ ರಾಚೆಸ್ಟರ್ ವಿಶ್ವವಿದ್ಯಾಲಯದ ನರ್ಸಿಂಗ್ ಸ್ಕೂಲಿನ ಮೊದಲ ಡೀನ್ ಆಗಿ ಹೋದವರು, ಕಲಿಸುವವರು ಆಸ್ಪತ್ರೆಯಲ್ಲಿ ಕೆಲಸವನ್ನೂ ಮಾಡಬೇಕು ಎಂಬ ಪದ್ಧತಿಯನ್ನು ಅಲ್ಲಿ ಬೆಳೆಸಿದರು. 2025ರ ಜನವರಿಯಲ್ಲಿ 104 ವರ್ಷದವರಾಗಿ ತೀರಿಕೊಂಡರು.

ಇನ್ನು ನಮ್ಮ ದೇಶ. ದೆಹಲಿಯ ಕಾಲೇಜ್ ಆಫ್ ನರ್ಸಿಂಗ್‌ನಲ್ಲಿ 1946ರಲ್ಲಿ ಪದವಿ, 1959ರಲ್ಲಿ ಸ್ನಾತಕೋತ್ತರ ಕೋರ್ಸು ಶುರುವಾದವು. ಹಾಗೆ ಓದಿದವರು ಹೆಚ್ಚಾಗಿ ಅಧ್ಯಾಪಕಿಯರೋ ಆಡಳಿತಗಾರರೋ ಆದರು; ಓದು ಮೇಲೇರಿದಷ್ಟೂ ರೋಗಿಯಿಂದ ದೂರ. ಇದನ್ನು ತಿರುಗಿಸಲು ಹೊರಟದ್ದು ಭಾರತೀಯ ನರ್ಸಿಂಗ್ ಪರಿಷತ್ತು ತಂದ ಎರಡು ವರ್ಷದ ಕೋರ್ಸು, ಐಸಿಯುಗಳಿಗಾಗಿ ನರ್ಸ್ ಪ್ರಾಕ್ಟೀಷನರ್‌ಗಳನ್ನು ವಾರ್ಡಿನಲ್ಲೇ ಇಟ್ಟು ತಯಾರಿಸುವಂಥದ್ದು. 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲೂ ಈ ವೃಂದದ ಮಾತಿದೆ. 2018ರಲ್ಲಿ ಸೂಲಗಿತ್ತಿ ಪ್ರಾಕ್ಟೀಷನರ್‌ಗಳಿಗೆ 18 ತಿಂಗಳ ತರಬೇತಿಯ ಮಾರ್ಗಸೂಚಿ ಬಂತು. ಆದರೆ ಓದಿದಷ್ಟಕ್ಕೆ ತಕ್ಕ ಹುದ್ದೆ, ಸಂಬಳ, ಮದ್ದು ಬರೆಯುವ ಅಧಿಕಾರ ಇನ್ನೂ ಗಟ್ಟಿಯಾಗಿ ನಿಂತಿಲ್ಲ. ಅತ್ತ ನಮ್ಮ ಹಳ್ಳಿಗಳ ಉಪಕೇಂದ್ರಗಳಲ್ಲಿ ಆರು ತಿಂಗಳ ಬ್ರಿಡ್ಜ್ ಕೋರ್ಸು ಮಾಡಿದ ನರ್ಸ್‌ಗಳು ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಬಿ.ಪಿ., ಸಕ್ಕರೆ ಕಾಯಿಲೆ ನೋಡುತ್ತಿದ್ದಾರೆ. ಊರಿಗೆ ಹೋದಾಗ ನಮ್ಮ ಕಡೆಯ ಒಬ್ಬ ಹುಡುಗಿಯ ಜೊತೆ ಮಾತಾಡಿದೆ. ಅಕ್ಕಾ, ಜನ ನನ್ನನ್ನೇ ಡಾಕ್ಟ್ರಮ್ಮ ಅಂತಾರೆ, ಮುಂದೆ ಓದೋಕೆ ಏನಿದೆ ಹೇಳಿ ಎಂದಳು. ಅವಳ ಕೆಲಸಕ್ಕೆ ನೇರ ಏಣಿಯಾಗುವ ಸ್ನಾತಕೋತ್ತರ ಕೋರ್ಸನ್ನು ನಾನು ಹೆಸರಿಸಲಾರದೆ ಹೋದೆ.

ಕರ್ನಾಟಕದಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಬರವಿಲ್ಲ. ದೇಶದ ನಾನಾ ಕಡೆಯಿಂದ ಅಲ್ಲಿಗೆ ಬಂದು ಓದುತ್ತಾರೆ. ಆರೋಗ್ಯ ಇಲಾಖೆಯವರಲ್ಲಿ, ವಿಶ್ವವಿದ್ಯಾಲಯದವರಲ್ಲಿ, ಕಲಿಸುವ ಮೇಡಂಗಳಲ್ಲಿ ನನ್ನ ಕೇಳಿಕೆ ಇಷ್ಟು. ಆ ಹುಡುಗಿಯಂಥವರಿಗೆ ಉಪಕೇಂದ್ರದಲ್ಲಿ ಕೆಲಸ ಮಾಡುತ್ತಲೇ ಓದಬಹುದಾದ ಎರಡು ವರ್ಷದ ಸ್ನಾತಕೋತ್ತರ ಕೋರ್ಸು ತೆರೆಯಿರಿ. ಪ್ರಿಸೆಪ್ಟರನ್ನು ನೀವೇ ಒದಗಿಸಿ. ಮುಗಿಸಿದವರಿಗೆ ಹುದ್ದೆಯನ್ನೂ, ಬರೆಯುವ ಅಧಿಕಾರವನ್ನೂ ಕೋರ್ಸು ಶುರುವಾಗುವ ದಿನವೇ ಆದೇಶದಲ್ಲಿ ಸೇರಿಸಿ. ಅಮೆರಿಕದವರು ಕಾದ 32 ವರ್ಷವನ್ನು ನಮ್ಮವರು ಕಾಯಬೇಕಾಗಿಲ್ಲ.